ಕಂಬಳಿವೀರನ ಅವ್ವ

ಮೂವತ್ತು ವರ್ಷ ನನಗೊಬ್ಬ ಮಗನಿದ್ದ. ಅವನು ನನಗಿಂತ ಐದು ವರ್ಷ ದೊಡ್ಡವನು. ಪರ ಊರಿನವರ ಮುಂದೆ ಹೀಗೆಂದರೆ ನಕ್ಕಾರು. ನಮ್ಮೂರಲ್ಲಿ ಯಾರೂ ನಗುತ್ತಿರಲಿಲ್ಲ. ಸಂತೆಯಲ್ಲಿ ಬದನೆಕಾಯಿ ಮಾರುವ ಪಾರವ್ವ ನನ್ನನ್ನು ಕಂಡರೆ ಸಾಕು, "ಸಾವಂತ್ರೆವ್ವಾ, ನಿನ್ನ ಮಗ ಈಗಷ್ಟ ಈ ಕಡೆ ಹಾದು ಹೋದ ನೋಡು. ತಲಿ ಮ್ಯಾಲೆ ಟೊಪ್ಪಿಗಿ ಇಲ್ಲ, ಬಿಸಲು ಹ್ಯಾಂಗೈತಿ!" ಎಂದು ದೂರುತ್ತಿದ್ದಳು. ನಾನು ಚೀಲವನ್ನು ಅವಳ ಬುಟ್ಟಿಯ ಪಕ್ಕ ಇಟ್ಟು, ಮನೆಗೆ ಹೋಗಿ ಟೊಪ್ಪಿಗೆ ತಂದು, ತಲೆಯಲ್ಲಿ ಅರ್ಧ ಕೂದಲು ನರೆತ ಗಂಡಸಿನ ಹಿಂದೆ ಅದನ್ನು ಹಿಡಿದುಕೊಂಡು ಓಡುತ್ತಿದ್ದೆ.

ನಮ್ಮೂರಲ್ಲಿ ಸಿನಿಮಾವನ್ನು ಊರೇ ತೆಗೆಯುತ್ತದೆ, ಊರೇ ನೋಡುತ್ತದೆ. ಒಮ್ಮೆ ತೆಗೆದರೆ ಇಪ್ಪತ್ತು ಮೂವತ್ತು ವರ್ಷ ಅದೇ ಓಡುತ್ತದೆ. ಮಾಡಿದ ಪಾತ್ರ ಮಾಡಿದವರಿಗೆ ಅಂಟಿಕೊಳ್ಳುತ್ತದೆ. ಅದೇ ಪಾತ್ರವನ್ನು ಇನ್ನೊಬ್ಬರು ಮಾಡಿ ತೆರೆಯ ಮೇಲೆ ಬರುವ ತನಕ ಬಿಡುವುದಿಲ್ಲ. ಹಾಗಾಗಿ ಪಾತ್ರ ಹಂಚುವಾಗ ನಮ್ಮವರಿಗೆ ಹೆಣ್ಣು ಗಂಡು ನೋಡುವಾಗಿನಷ್ಟೇ ಎಚ್ಚರ. ಅಳುವವರ ಪಾತ್ರಕ್ಕೆ ಯಾರೂ ಸಿಗುವುದಿಲ್ಲ. ಮರದ ಕೆಳಗೆ ಗೊರಕೆ ಹೊಡೆಯುವ ಕಾವಲುಗಾರನ ಪಾತ್ರ ಇದೆ ಎಂದರೆ ಮಾತ್ರ ಟಾಕೀಸಿನ ಮುಂದೆ ಬೆಳಗಿನಿಂದ ಸಾಲು. ನಾನು ಚಿಕ್ಕವಳಿದ್ದಾಗ ದೋಣಿಯ ಸಿನಿಮಾ ಒಂದಿತ್ತು. ಅದರಲ್ಲಿ ಹುಟ್ಟು ಹಾಕಿದ್ದ ಮುದುಕ ಬೇವಿನ ಕಟ್ಟೆಯ ಮೇಲೆ ಕೂತರೂ ಮೆಲ್ಲಗೆ ಹಿಂದೆ ಮುಂದೆ ತೂಗುತ್ತಿದ್ದ. ಮಗ್ಗುಲಲ್ಲಿ ಕೂತವರಿಗೆ ತಲೆ ತಿರುಗಿ ಬರುತ್ತಿತ್ತು.

ಅದರ ನಂತರ ಬಂದದ್ದು ಕಂಬಳಿವೀರ. ಊರಿನ ಬಾವಿಗಳಿಗೆಲ್ಲ ಬೀಗ ಹಾಕಿದ ದುಷ್ಟನೊಬ್ಬ. ಕರಿಕಂಬಳಿ ಹೆಗಲಿಗೇರಿಸಿದೊಡನೆ ಗಾಳಿಯಲ್ಲಿ ಏಳುವ ವೀರನೊಬ್ಬ. ಮನೆಯಲ್ಲಿ ದಾರಿ ಕಾಯುವ ಅವನ ಅವ್ವ. ಇಷ್ಟೇ ಕಥೆ. ವೀರನ ಪಾತ್ರಕ್ಕೆ ಅಂಚೆ ಹಂಚುವ ಫಕೀರಪ್ಪನನ್ನು ಆರಿಸಿದರು. ಆಗ ಅವನಿಗೆ ಇಪ್ಪತ್ತನಾಲ್ಕು, ನನಗೆ ಹತ್ತೊಂಬತ್ತು. ನಮ್ಮಪ್ಪನದು ಹೊಲಿಗೆ ಅಂಗಡಿ. ಕಂಬಳಿಗೆ ಅಂಚು ಹೊಲಿಯುವ ಕೆಲಸ ನನ್ನ ಪಾಲಿಗೆ ಬಂತು. ಅವನು ದಿನವೂ ಸಂಜೆ ಬಂದು ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಕನ್ನಡಿಯಲ್ಲಿ ನೋಡಿಕೊಳ್ಳುವನು. "ಈ ಕೆಂಪು ಒಲ್ಲೆ," ಎನ್ನುವನು. ಬಿಚ್ಚಿ ಹಳದಿ ಹಾಕಿದರೆ, "ಹಳದಿ ಹಾಕ್ಕೊಂಡು ಹಾರಿದ್ರ ಮದುಮಗ ಹಾರಿದಂಗ ಕಾಣತೈತಿ, ಒಲ್ಲೆ." ಅಷ್ಟು ಸಲ ಒಲ್ಲೆ ಎನ್ನುವ ಗಿರಾಕಿಯನ್ನು ನಮ್ಮಪ್ಪ ಬೈದು ಕಳಿಸುತ್ತಿದ್ದ. ನಾನು ಮಾತ್ರ ಬಿಚ್ಚುತ್ತಿದ್ದೆ, ಹೊಲಿಯುತ್ತಿದ್ದೆ. ಹತ್ತನೆಯ ದಿನ ಹಸಿರು ಅಂಚು ನಿಂತಿತು. ಅದೇ ದಿನ ಅವನು, ಸಿನಿಮಾ ಬಂದ ಮ್ಯಾಲಿನ ಸೋಮವಾರ ನಮ್ಮಣ್ಣ ಎಲಿ ಅಡಿಕಿ ತೊಗೊಂಡು ನಿಮ್ಮ ಮನಿಗೆ ಬರ್ತಾನ, ಆಗ ನೀ ಒಲ್ಲೆ ಅನ್ನಬ್ಯಾಡ ಎಂದು ಹೇಳಿ, ನನ್ನ ಮುಖ ನೋಡದೆ ಹೊರಟುಹೋದ.

ಅವ್ವನ ಪಾತ್ರಕ್ಕೆ ಗೊತ್ತಾಗಿದ್ದವಳು ಕಾಳವ್ವ. ಚಿತ್ರ ತೆಗೆಯುವ ದಿನ ಬಿಳಿ ಸೀರೆ ಉಟ್ಟು ಬಂದವಳು, ಕ್ಯಾಮೆರಾ ಕಂಡದ್ದೇ ಸೆರಗು ಬಿಗಿದು ಎದ್ದಳು. "ಮನಿಯಾಗ ಆರು ಮಂದಿ ಗಂಡಮಕ್ಕಳು ಉಂಡು ತೇಗತಾರ. ಏಳನೇದಂವ ಬ್ಯಾಡವ್ವ ತಾಯಿ, ನನ್ನ ಕೈ ಬಿದ್ದು ಹೋಗ್ಯಾವು ರೊಟ್ಟಿ ಬಡದು." ಎಷ್ಟು ಕರೆದರೂ ತಿರುಗಿ ಬರಲಿಲ್ಲ. ಬಿಸಿಲು ಇಳಿಯುತ್ತಿತ್ತು. ಟಾಕೀಸಿನ ಹುಸೇನಸಾಬರೇ ಡೈರೆಕ್ಟರು, ಅವರೇ ಕ್ಯಾಮೆರಾದವರು. ಕಂಬಳಿ ಹಿಡಿದು ನಿಂತಿದ್ದ ನನ್ನನ್ನು ನೋಡಿ, "ತಂಗಿ, ಬರೇ ಬೆನ್ನ ತೋರಸ್ತೀನಿ. ಮುಖ ಕಾಣದಿದ್ರ ಅಂಟೂದಿಲ್ಲ," ಎಂದರು. ಮುಖ ಕಾಣದಿದ್ದರೆ ಅಂಟುವುದಿಲ್ಲ ಎಂದು ಆಗ ಊರೆಲ್ಲ ನಂಬಿತ್ತು. ಫಕೀರಪ್ಪ ನನ್ನ ಕಡೆ ನೋಡಿದ, ನಾನು ಅವನ ಕಡೆ ನೋಡಿದೆ. "ಎರಡ ನಿಮಿಷದ ಕೆಲಸ," ಎಂದ ಅವನು.

ಬಿಳಿ ಸೀರೆ ಸುತ್ತಿದರು, ಕೂದಲಿಗೆ ಜೋಳದ ಹಿಟ್ಟು ಉದುರಿಸಿದರು. ನಾನು ಗೋಡೆಗೆ ಮುಖ ಮಾಡಿ ಕೂತೆ. ಗೋಡೆಯ ಮೇಲೆ ವೀರನ ಸತ್ತ ಅಪ್ಪನದೆಂದು ಹಾರ ಹಾಕಿದ ಚಿತ್ರ. ಯಾವುದೋ ಕೂದಲೆಣ್ಣೆಯ ಕ್ಯಾಲೆಂಡರಿನಿಂದ ಕತ್ತರಿಸಿದ್ದು. ಹಿಂದಿನಿಂದ ಫಕೀರಪ್ಪ ಬಂದು ಬಾಗಿ ನನ್ನ ಪಾದ ಮುಟ್ಟಿದ. "ಅವ್ವಾ, ಹೋಗಿ ಬರ್ತೀನಿ," ಎಂದ. ಹುಟ್ಟಿದಾಗಲೇ ತಾಯಿಯನ್ನು ಕಳೆದುಕೊಂಡವನು ಅವನು. ಆ ಮಾತನ್ನು ಜನ್ಮದಲ್ಲಿ ಯಾರಿಗೂ ಅಂದಿರಲಿಲ್ಲ. ಮೊದಲ ಸಲ ಅಂದದ್ದಕ್ಕೋ ಏನೋ, ದನಿ ನಡುಗಿತು. ನಾನು ತಿರುಗಿಬಿಟ್ಟೆ. ಅವನ ತಲೆಯ ಮೇಲೆ ಕೈಯಿಟ್ಟು, ಯಾರೂ ಬರೆದುಕೊಡದ ಮಾತೊಂದನ್ನು ಅಂದುಬಿಟ್ಟೆ: "ಉಂಡು ಹೋಗೋ ನನ್ನಪ್ಪಾ." ಕ್ಯಾಮೆರಾ ಓಡುತ್ತಲೇ ಇತ್ತು. ರೀಲು ಅಲ್ಲಿಗೇ ಮುಗಿದದ್ದರಿಂದ ಮತ್ತೊಮ್ಮೆ ತೆಗೆಯಲಾಗಲಿಲ್ಲ.

ಮೊದಲ ಆಟಕ್ಕೆ ನಾನು ಮಲ್ಲಿಗೆ ಮುಡಿದು ಹೋಗಿದ್ದೆ. ಅವನು ಮೂರು ಸಾಲು ಮುಂದೆ ಕೂತು, ಆಗಾಗ ತಿರುಗಿ ನೋಡುತ್ತಿದ್ದ. ಆ ದೃಶ್ಯ ಬಂದು ಹೋಯಿತು. ಮುಂದಿನ ಸಲ ಅವನು ತಿರುಗಿದಾಗ ನನಗೆ ಕಂಡದ್ದು, ಈ ಹುಡುಗ ಎಷ್ಟು ಸೊರಗಿದ್ದಾನಲ್ಲ, ಮಧ್ಯಾಹ್ನ ಉಂಡನೋ ಇಲ್ಲವೋ ಎಂಬುದು. ಹೊರಗೆ ಬಂದಾಗ ಅವನ ಕಾಲು ನೆಲದಿಂದ ಒಂದು ಗೇಣು ಮೇಲೆ ನಿಂತಿತ್ತು. "ಅವ್ವಾ, ಮೆಟ್ಟಲು ಅದಾವು, ನೋಡಿ ಇಳಿ," ಎಂದು ನನ್ನ ಕೈ ಹಿಡಿದ. ಎದೆ ಒಡೆಯಿತೇ ಎಂದು ಕೇಳಿದರೆ, ಇಲ್ಲ. ಹಲ್ಲು ಬಿದ್ದ ಜಾಗದಲ್ಲಿ ನಾಲಿಗೆ ತಡಕಾಡಿದಂತೆ ಆಯಿತು, ಅಷ್ಟೇ. ಹಸಿರು ಅಂಚು, ಎಲೆ ಅಡಿಕೆಯ ಮಾತು, ಎಲ್ಲ ನೆನಪಿತ್ತು. ಅದರ ಕಾವು ಇರಲಿಲ್ಲ. ಸೋಮವಾರ ಅವನ ಅಣ್ಣ ಬರಲಿಲ್ಲ. ಬರುವುದಕ್ಕೆ ಏನೂ ಉಳಿದಿರಲಿಲ್ಲ.

ಒಂದು ಗೇಣು ಯಾಕೆಂದರೆ, ಹುಸೇನಸಾಬರ ತಂತಿ ಅವನನ್ನು ಎತ್ತಿದ್ದೇ ಅಷ್ಟು. ಮಿಕ್ಕ ಎತ್ತರವನ್ನೆಲ್ಲ ಕ್ಯಾಮೆರಾ ವಾಲಿಸಿ ತೋರಿಸಿದ್ದರು. ಆದರೂ ಊರಿಗೆ ಅದೊಂದು ಅನುಕೂಲವೇ ಆಯಿತು. ಆಗತಾನೇ ಸಾರಿಸಿದ ಹಸಿ ನೆಲದ ಮೇಲೆ ಹಾದು ಒಳಗೆ ಬರಲು ಯಾವ ಮನೆಯಲ್ಲೂ ಅಂಚೆಯ ಫಕೀರಪ್ಪನಿಗೆ ಅಡ್ಡಿಯಿರಲಿಲ್ಲ. ಹೆಜ್ಜೆಯ ಸಪ್ಪಳವಿಲ್ಲದ್ದರಿಂದ ಹೆಂಗಸರು ಬೆಚ್ಚುತ್ತಾರೆಂದು ದೂರದಿಂದಲೇ ಕೆಮ್ಮುತ್ತ ಬರುವುದನ್ನು ನಾನೇ ಕಲಿಸಿದೆ. ಗಾಳಿ ಜೋರಿದ್ದ ದಿನ ಅಂಚೆಯ ಚೀಲದಲ್ಲಿ ಒರಳುಗುಂಡು ಹಾಕಿ ಕಳಿಸುತ್ತಿದ್ದೆ. ನೆಲ ಮುಟ್ಟದ ಅವನ ಅಂಗಾಲು ಕೂಸಿನ ಕಾಲಿನಂತೆ ಮೆತ್ತಗಿತ್ತು. ನಾನು ಕೂದಲೆಣ್ಣೆಯ ಮನುಷ್ಯನ ವಿಧವೆಯಾಗಿ, ವರ್ಷಕ್ಕೊಂದು ದಿನ ಅವನಿಗಾಗಿ ಉಪವಾಸ ಹಿಡಿದು, ಬಿಳಿ ಸೀರೆಯಲ್ಲಿ ನಲವತ್ತೊಂಬತ್ತು ತಲುಪಿದೆ. ದುಃಖದಲ್ಲಿದ್ದೆ ಎಂದರೆ ಸುಳ್ಳು. ದಿನವೂ ಮಧ್ಯಾಹ್ನ ಮಗ ಬರುತ್ತಿದ್ದ. ಬಡಿಸುತ್ತಿದ್ದೆ. ಬೀದಿಯಲ್ಲಿ ಯಾರು ಯಾರಿಗೆ ಪತ್ರ ಬಂತೆಂದು ಹೇಳುತ್ತ ಉಣ್ಣುತ್ತಿದ್ದ. ಆ ಹೊತ್ತುಗಳನ್ನು ಈಗ ನೆನೆದರೆ, ಅಷ್ಟು ನಿಶ್ಚಿಂತೆಯಿಂದ ಇನ್ನೊಬ್ಬರ ಪಕ್ಕದಲ್ಲಿ ಕೂತದ್ದು ನನ್ನ ಆಯುಷ್ಯದಲ್ಲಿ ಅಲ್ಲಿಯೇ ಎನ್ನಿಸುತ್ತದೆ.

ಕಳೆದ ಶ್ರಾವಣದ ಆಟದಲ್ಲಿ ಕಂಬಳಿವೀರನ ಮುಖವಿರಬೇಕಾದಲ್ಲಿ ಬಿಳಿಯ ಕಲೆಯೊಂದು ಕುಣಿಯಿತು. ಮರುದಿನ ಹುಸೇನಸಾಬರು ಊರನ್ನೆಲ್ಲ ಟಾಕೀಸಿಗೆ ಕರೆಸಿದರು. ಈಗ ಅವರಿಗೆ ಎಪ್ಪತ್ತು ದಾಟಿದೆ. "ರೀಲು ಸವದೈತಿ. ಇನ್ನೊಂದು ಸಲ ಓಡಿಸಿದ್ರ ಹರದು ಹೋಗತೈತಿ," ಎಂದರು. "ಹೊಸಾದು ತಗೀಲೇಬೇಕು. ಕಂಬಳಿವೀರನನ್ನ ಬಿಟ್ಟು ಬ್ಯಾರೆ ಕಥಿ ನೀವ್ಯಾರೂ ಒಪ್ಪೂದಿಲ್ಲ, ನನಗ ಗೊತ್ತು. ಹಂಗಾದ್ರ ಎರಡ ದಾರಿ. ಅಂವ ಕಂಬಳಿ ಹೊದಿಯೂಕಿಂತ ಮೊದಲಿನ ಕಥಿ ತಗೀಬಹುದು. ಅವನ ಹುಟ್ಟು, ಆಟಪಾಠ, ಅವ್ವನ ಮಡಿಲು. ಇಲ್ಲಾಂದ್ರ ಎಲ್ಲಾ ಒರಸಿ, ಹೊಸ ಮಂದಿ ಹಾಕಿ, ಮೊದಲಿಂದ ಹೇಳಬಹುದು."

"ಮೊದಲನೇದಕ್ಕ ಪ್ರೀಕ್ವೆಲ್, ಎರಡನೇದಕ್ಕ ರೀಬೂಟ್ ಅಂತಾರ," ಎಂದಳು ಪಾರವ್ವನ ಮಗಳು ಕಸ್ತೂರಿ. ಹದಿನಾರು ವರ್ಷದ ಹುಡುಗಿ, ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕೂತಿದ್ದಳು.

"ಬೂಟೋ ಚಪ್ಪಲಿಯೋ, ಮೊದಲ ಕಾಲು ಮಡಚಿ ಕೂಡು," ಎಂದಳು ಕಾಳವ್ವ.

ಹಿಂದಿನ ಕಥೆ ತೆಗೆದರೆ ಹಳೆಯ ಪಾತ್ರಗಳು ಇದ್ದವರಲ್ಲಿಯೇ ಇರುತ್ತವೆ, ಹೊಸ ಚಿತ್ರದ ಹಳೆಯ ದಿನಗಳು ಅವರ ನೆನಪಿಗೆ ಬಂದು ಸೇರುತ್ತವೆ. ದೋಣಿಯ ಸಿನಿಮಾಕ್ಕೆ ಹಾಗೆಯೇ ಮಾಡಿದ್ದರು. ಹೊಳೆಯನ್ನೇ ಕಾಣದ ಆ ಮುದುಕ ಆಮೇಲೆ ಸಾಯುವ ತನಕ, ಏಳು ವರ್ಷದವನಿದ್ದಾಗ ಅಪ್ಪನ ಬೆನ್ನ ಮೇಲೆ ಕೂತು ಈಜಿದ್ದನ್ನು ಹೇಳಿಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದ. ಮೊದಲಿಂದ ಹೇಳಿದರೆ ಹಾಗಲ್ಲ. ಹಳಬರಿಂದ ಪಾತ್ರ ಕಳಚುತ್ತದೆ.

"ಹಿಂದಿನ ಕಥ್ಯಾಗ ಏನೈತ್ರಿ ಅಜ್ಜಾರ?" ಎಂದು ಕಸ್ತೂರಿ ಎದ್ದಳು. "ಅಂವ ಬಾವಿಯಾಗ ಬಿದ್ರೂ ಸಾಯೂದಿಲ್ಲಂತ ನಮಗ ಗೊತ್ತು. ಮುಂದ ದೊಡ್ಡಾಂವ ಆಗಿ ಹಾರಬೇಕಲ್ಲ. ಮತ್ತ ಹೆದರಿಕಿ ಎಲ್ಲಿಂದ ಬರಬೇಕು?"

"ಬಯಲಾಟದಾಗ ರಾಕ್ಷಸ ಸಾಯ್ತಾನಂತ ಗೊತ್ತಿಲ್ಲೇನ ನಿನಗ?" ಎಂದಳು ಕಾಳವ್ವ. "ಗೊತ್ತಿದ್ದ ವರ್ಷಾ ಹೋಗಿ ಕೂಡ್ತೀ. ಗೊತ್ತಿದ್ದದ್ದು ಹ್ಯಾಂಗ ಬರತೈತಿ ಅಂತ ನೋಡೂದ ಒಂದು ಸುಖ. ಒರಸಿ ಮತ್ತ ಹೇಳೂದಂದ್ರ, ಉಂಡ ಎಲಿ ತೊಳದು ಮತ್ತ ಹಾಸಿದಂಗ."

"ನಿಮ್ಮ ಕಂಬಳಿವೀರನನ್ನ ನೀವು ನೋಡೀರಿ, ಯಮ್ಮಾ. ನಮಗ ನಮ್ಮಂವ ಬೇಕು."

ಆಗ ಹಿಂದಿನ ಬಾಗಿಲ ಬಳಿಯಿಂದ ಗುರುಪಾದಪ್ಪ ಮಾಸ್ತರರು ಮಾತನಾಡಿದರು. ಬಾವಿಗೆ ಬೀಗ ಹಾಕಿದ ದುಷ್ಟನ ಪಾತ್ರ ಅವರದು. ಅಂದಿನಿಂದ ಅವರನ್ನು ಕಂಡರೆ ಎಳೆಯ ಮಕ್ಕಳು ಅಳುತ್ತವೆ, ನಾಯಿಗಳು ಹಲ್ಲು ಕಿರಿಯುತ್ತವೆ. ಶಾಲೆಯಲ್ಲಿ ಮೂವತ್ತು ವರ್ಷ ಪರದೆಯ ಹಿಂದೆ ಕೂತೇ ಪಾಠ ಹೇಳಿದರು. "ಹಿಂದಿನ ಕಥ್ಯಾಗ ನನಗೂ ಒಂದು ಬಾಲ್ಯ ಬರೀತೀರಿ," ಎಂದರು. "ನೀರಡಿಸಿದ ಹುಡುಗ ಇದ್ದ, ಅದಕ್ಕ ಕೆಟ್ಟಾಂವ ಆದ ಅಂತೀರಿ. ಮಂದಿ ಪಾಪ ಅಂತಾರ. ನನ್ನ ಕೆಟ್ಟತನಕ್ಕ ಕಾರಣ ಬ್ಯಾಡ್ರಿ ನನಗ. ಬಿಡುಗಡಿ ಬೇಕು."

ಹುಸೇನಸಾಬರು ಹಿಂದಿನ ಕಥೆ ಬೇಕೆಂದವರನ್ನು ಎಡಕ್ಕೆ, ಹೊಸತು ಬೇಕೆಂದವರನ್ನು ಬಲಕ್ಕೆ ನಿಲ್ಲಿಸಿದರು. ಎರಡು ಸಲ ಎಣಿಸಿದರೂ ಎರಡೂ ಕಡೆ ಸರಿಸಮ. ಯಾವ ಕಡೆಗೂ ಹೋಗದೆ ಉಳಿದವರು ನಾವಿಬ್ಬರೇ. ನನಗೆ ಕಾಲು ಬಂದಿರಲಿಲ್ಲ. ಫಕೀರಪ್ಪ ಗೋಡೆಯ ಪಕ್ಕ, ತನ್ನ ಒಂದು ಗೇಣಿನ ಎತ್ತರದಲ್ಲಿ, ಕೈಕಟ್ಟಿ ನಿಂತಿದ್ದ. "ನೀ ಹೇಳಪಾ ವೀರ, ಕಥಿ ನಿಂದು," ಎಂದರು ಸಾಬರು.

"ಅವ್ವ ಏನಂತಾಳ, ಅದ," ಎಂದ ಅವನು. ಎಲ್ಲರ ಮುಖ ನನ್ನ ಕಡೆ ತಿರುಗಿತು. ಗುರುವಾರದ ತನಕ ಸಮಯ ಕೊಡಿ ಎಂದು ಕೇಳಿಕೊಂಡು ಮನೆಗೆ ಬಂದೆ.

ಆ ನಾಲ್ಕು ದಿನ ನಾನು ಮಾಡಿದ ಅಡುಗೆಗೆ ಉಪ್ಪು ಹೆಚ್ಚು ಕಡಿಮೆಯಾಗದ ದಿನವಿಲ್ಲ. ಬಟ್ಟೆ ಒಗೆಯುತ್ತ, ಅಕ್ಕಿ ಆರಿಸುತ್ತ, ಒಂದನ್ನೇ ತಿರುವಿ ತಿರುವಿ ಯೋಚಿಸಿದೆ. ಹಿಂದಿನ ಕಥೆಗೆ ಹೂಂ ಎಂದರೆ ನನ್ನ ಮಗನ ಕೂಸುತನ ನನಗೆ ಸಿಗುತ್ತದೆ. ಮೀಸೆ ಬಂದವನಾಗಿಯೇ ನನ್ನ ಮಡಿಲಿಗೆ ಬಂದವನು ಅವನು. ತೊಟ್ಟಿಲು ತೂಗಲಿಲ್ಲ, ಹಾಲುಹಲ್ಲು ನೋಡಲಿಲ್ಲ, ಬೆರಳು ಹಿಡಿದು ನಡೆಸಲಿಲ್ಲ. ಬೇರೆ ಹೆಂಗಸರು ಹೆರಿಗೆಯ ನೋವಿನ ಮಾತು ತೆಗೆದಾಗ ನಾನು ಎದ್ದು ಒಲೆಯ ಉರಿ ನೋಡಲು ಹೋಗುತ್ತಿದ್ದೆ. ಅದೆಲ್ಲವೂ ಬರುತ್ತದೆ. ಕೂದಲೆಣ್ಣೆಯ ಮನುಷ್ಯನೂ ಒಂದಷ್ಟು ದಿನ ಜೀವಂತ ಗಂಡನಾಗಿ ಬರುತ್ತಾನೆ. ಬೇಡ ಎಂದರೆ ಮಗನೇ ಹೋಗುತ್ತಾನೆ. ಮೂವತ್ತು ವರ್ಷದ ಮಧ್ಯಾಹ್ನಗಳು ನೆನಪಿನಲ್ಲಿ ಉಳಿದಾವು, ಆದರೆ ತಣ್ಣಗೆ, ಪಕ್ಕದ ಮನೆಯವರ ಮದುವೆಯ ಫೋಟೊ ನೋಡಿದ ಹಾಗೆ.

ಮಕ್ಕಳಿಗೆ ಎರಡೂ ಬೇಕು, ಅದು ನನಗೆ ಗೊತ್ತು. ಓಣಿಯ ಮಕ್ಕಳಿಗೆ ನಾನು ಕಥೆ ಹೇಳುವಾಗ, ಅದೇ ಕಥೆ ಮತ್ತೆ ಹೇಳು ಎಂದು ಹಟ ಮಾಡುತ್ತವೆ. ಒಂದು ಮಾತು ತಪ್ಪಿದರೆ ಬಾಯಿಗೆ ಕೈ ಅಡ್ಡ ಹಿಡಿಯುತ್ತವೆ. ಮರುಗಳಿಗೆಯಲ್ಲೇ, ಅದಕ್ಕೂ ಮೊದಲು ಏನಾಗಿತ್ತು ಎಂದು ಕೇಳುತ್ತವೆ. ಹೇಳುವವಳಿಗೆ ಎರಡೂ ಸುಲಭ. ಇಲ್ಲಿ ಹಾಗಿರಲಿಲ್ಲ.

ಮಂಗಳವಾರ ಮಾಸ್ತರರು ಬಂದರು. ಓಣಿಯ ನಾಯಿ ಬೊಗಳುವುದು ಕೇಳಿಯೇ ಅವರೆಂದು ತಿಳಿಯಿತು. ಮುಖಕ್ಕೆ ಛತ್ರಿ ಅಡ್ಡ ಹಿಡಿದು ಅಂಗಳದ ಆಚೆಯೇ ನಿಂತರು. "ಒತ್ತಾಯ ಮಾಡಾಕ ಬಂದಿಲ್ಲ ತಂಗಿ," ಎಂದರು. "ಆವತ್ತು ಹಂಗ ಅಂದದ್ದು ನಿಮಗ ಭಾರ ಆಗಿರಬೇಕು. ನೀವು ಏನ ಹೇಳಿದ್ರೂ ನನಗ ಸಿಟ್ಟಿಲ್ಲ. ಇನ್ನೆಷ್ಟು ವರ್ಷ, ಪರದೆ ಹಿಂದ ರೂಢಿ ಆಗೇತಿ." ಅಷ್ಟು ಹೇಳಿ ಹೊರಟರು. ಒತ್ತಾಯ ಮಾಡಿದ್ದರೇ ಚೆನ್ನಾಗಿತ್ತು.

ಬುಧವಾರ ಮಧ್ಯಾಹ್ನ ಫಕೀರಪ್ಪ ಊಟಕ್ಕೆ ಬಂದ. ರೊಟ್ಟಿ ಬಡಿಸಿ ಎದುರಿಗೆ ಕೂತೆ.

"ನಿನಗೇನು ಬೇಕೋ?"

"ನಿನಗ ಬೇಕಾದ್ದ, ಅವ್ವಾ."

"ನನ್ನದು ಬಿಡು. ನೆಲದ ಮ್ಯಾಲೆ ಕಾಲಿಡಬೇಕು ಅನಸ್ತೈತೇನ ನಿನಗ?"

"ನೀ ಇಡು ಅಂದ್ರ ಇಡ್ತೀನಿ."

"ನಾ ಅನ್ನದಿದ್ರ?"

"ಇಡೂದಿಲ್ಲ."

ಹಿರಿಯರು ಕಿರಿಯರಿಗೆ ಮಾಡುವ ಉಪಾಯವನ್ನೂ ಮಾಡಿ ನೋಡಿದೆ. ಒಂದು ತಟ್ಟೆಯಲ್ಲಿ ಬೆಲ್ಲ, ಇನ್ನೊಂದರಲ್ಲಿ ಶೇಂಗಾ ಚಟ್ನಿ ಇಟ್ಟು, ಯಾವುದು ಬೇಕು ಎಂದೆ. ಅವನು ನನ್ನ ಕೈ ಯಾವ ತಟ್ಟೆಗೆ ಹತ್ತಿರವಿದೆ ಎಂದು ನೋಡಿದ. ನಾನು ಎರಡೂ ಕೈ ಮಡಿಲಲ್ಲಿ ಇಟ್ಟುಕೊಂಡೆ. ಅವನ ಮುಖದ ಮೇಲೆ ದಾರಿ ತಪ್ಪಿದವನ ಗಾಬರಿ ಬಂತು. ಹಣೆಯಲ್ಲಿ ಬೆವರೊಡೆಯಿತು. ನೋಡಲಾರದೆ ಬೆಲ್ಲದ ತಟ್ಟೆಯನ್ನು ಮುಂದೆ ತಳ್ಳಿದೆ. ತಕ್ಷಣ ನಕ್ಕು ತಿಂದ.

ಕಂಬಳಿವೀರ ಅವ್ವನ ಮಾತು ಮೀರದವನು. ಹಾಗೆಂದು ಬರೆದಿತ್ತು, ಹಾಗೆಯೇ ಅಂಟಿತ್ತು. ಮೂವತ್ತು ವರ್ಷದಲ್ಲಿ ನಾನು ಅದನ್ನು ಒಳ್ಳೆಯ ಮಗನ ಗುಣವೆಂದುಕೊಂಡು ಓಣಿಯಲ್ಲೆಲ್ಲ ಹೇಳಿಕೊಂಡು ಹಿಗ್ಗಿದ್ದೆ. ಕೆಂಪು ಒಲ್ಲೆ, ಹಳದಿ ಒಲ್ಲೆ ಎನ್ನುತ್ತಿದ್ದವನು ಒಮ್ಮೆಯೂ ನನಗೆ ಒಲ್ಲೆ ಎಂದಿರಲಿಲ್ಲ. ಅನ್ನಲು ಅವನಿಗೆ ಬಾಯೇ ಇರಲಿಲ್ಲ. ಅವನಿಗೇನು ಬೇಕೆಂದು ಅವನ ಬಾಯಿಂದಲೇ ಕೇಳಬೇಕಾದರೆ, ಕೇಳುವವಳು ನಾನು ಅವನ ಅವ್ವ ಆಗಿರಬಾರದು. ಆ ಊಟದ ತಟ್ಟೆ ತೊಳೆಯುತ್ತ ಬಚ್ಚಲಲ್ಲಿ ಕೂತು ಅತ್ತೆ. ನೀರಿನ ಸಪ್ಪಳಕ್ಕೆ ಯಾರಿಗಾದರೂ ಕೇಳಿಸಿತೋ ಇಲ್ಲವೋ.

ಗುರುವಾರ ಟಾಕೀಸಿಗೆ ಹೋಗಿ, "ಮೊದಲಿಂದ ಹೇಳ್ರಿ," ಎಂದೆ. ಕಾಳವ್ವ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಒಂದ ಮಾತು ನಡಸಿಕೊಡಬೇಕು," ಎಂದು ಹುಸೇನಸಾಬರಿಗೆ ಹೇಳಿದೆ. "ಹೊಸ ಕಥ್ಯಾಗ ಒಂದ ಕಡೆ ಆದ್ರೂ ಕೂಸು ಅವ್ವಗ ಒಲ್ಲೆ ಅನ್ನಬೇಕು. ಅಂದ ಮ್ಯಾಲೂ ಅವ್ವ ಕದ ಮುಚ್ಚಬಾರದು." ಸಾಬರು ಕನ್ನಡಕ ತೆಗೆದು ಒರೆಸಿಕೊಂಡರು. "ಆವತ್ತ ಮುಖ ಕಾಣೂದಿಲ್ಲ ಅಂದಿದ್ದೆ, ತಂಗಿ," ಎಂದರು. "ಬಿಡ್ರಿ, ನಾನ ತಿರಗಿದ್ದು," ಎಂದೆ.

ಈ ಸಲ ಊರು ಬುದ್ಧಿ ಕಲಿತಿತ್ತು. ವೀರನ ಪಾತ್ರ ಕಸ್ತೂರಿಗೆ, ಅವ್ವನ ಪಾತ್ರ ಅವಳನ್ನು ಹೆತ್ತ ಪಾರವ್ವನಿಗೇ. ದುಷ್ಟನ ಪಾತ್ರವನ್ನು ಯಾರಿಗೂ ಕೊಡಲಿಲ್ಲ. ಹೊಲದ ಬೆದರುಬೊಂಬೆಗೆ ಕೋಟು ತೊಡಿಸಿ ನಿಲ್ಲಿಸಿದರು. ಹೊಸ ಕಂಬಳಿಗೆ ಅಂಚು ನಾನೇ ಹೊಲಿದುಕೊಟ್ಟೆ. ಕಸ್ತೂರಿ ಹಾಕಿದ ಬಣ್ಣಕ್ಕೆಲ್ಲ ಹೂಂ ಎಂದಳು. ಆದರೆ ಚಿತ್ರ ತೆಗೆಯುವಾಗ ಮಾತ್ರ, ಕತ್ತಲಾಗುವ ಮುಂಚೆ ಮನೆಗೆ ಬಾ ಎಂದ ಪಾರವ್ವನಿಗೆ ಎಷ್ಟು ಗಟ್ಟಿಯಾಗಿ ಒಲ್ಲೆ ಎಂದಳೆಂದರೆ, ಪಾರವ್ವ ಕ್ಯಾಮೆರಾ ಮರೆತು, "ಮನಿಗೆ ಬಾ, ನಿನ್ನ ಒಲ್ಲೆ ತೋರಸ್ತೀನಿ," ಎಂದಳು. ಸಾಬರು ಅದನ್ನೂ ಇಟ್ಟುಕೊಂಡರು.

ಹೊಸ ಚಿತ್ರದ ಮೊದಲ ಆಟಕ್ಕೆ ಹೊರಡುವ ಮುಂಚೆ ಫಕೀರಪ್ಪನನ್ನು ಕೂರಿಸಿ ಉಣ್ಣಿಸಿದೆ. ತಲೆ ಬಾಚಿದೆ. ಟಾಕೀಸಿನಲ್ಲಿ ಪಕ್ಕದಲ್ಲೇ ಕೂತು ಅವನ ಕೈ ಹಿಡಿದುಕೊಂಡೆ. ತೆರೆಯ ಮೇಲೆ ಪಾರವ್ವ ಬಂದಳು, ಮಗಳ ತಲೆಯ ಮೇಲೆ ಕೈಯಿಟ್ಟಳು. ನನ್ನ ಕೈಯಲ್ಲಿ ಒಬ್ಬ ಗಂಡಸಿನ ಕೈಯಿತ್ತು. ಬಿಟ್ಟುಬಿಟ್ಟೆ. ಅದೇ ಹೊತ್ತಿಗೆ ಅವನ ಪಾದ ನೆಲಕ್ಕೆ ತಾಗಿತು. ಅಯ್ಯೋ ಎಂದು ಸಣ್ಣಗೆ ನರಳಿದ. ಆಟ ಮುಗಿದು ಹೊರಗೆ ಬರುವಾಗ ಕಲ್ಲುಹಾಸಿನ ಮೇಲೆ ಎರಡು ಹೆಜ್ಜೆ ಇಟ್ಟು ಮೊಣಕಾಲೂರಿ ಕುಸಿದ. ಅಂಗಾಲಿನಲ್ಲಿ ರಕ್ತ ಒಸರಿತ್ತು. ನಾನು ನಾಲ್ಕು ಮಾರು ದೂರದಲ್ಲಿದ್ದೆ, ಆದರೂ ಓಡಲಿಲ್ಲ. ಓಡಬೇಕೆಂದು ಕಾಲಿಗೆ ಅನ್ನಿಸಲೇ ಇಲ್ಲ. ಯಾರೋ ಇಬ್ಬರು ಎತ್ತಿ ನಿಲ್ಲಿಸಿದರು. ನಾನು ಓಡಲಿಲ್ಲವಲ್ಲ ಎಂಬುದೇ ಆಮೇಲೆ ನನ್ನನ್ನು ಸುಟ್ಟಿತು.

ಅತ್ತ ಮಾಸ್ತರರು ಛತ್ರಿ ಮಡಚಿ ಬೀದಿಯ ನಡುವೆ ಕೂತುಬಿಟ್ಟಿದ್ದರು. ಓಣಿಯ ಆ ಕೆಂಚು ನಾಯಿ ಅವರ ಅಂಗೈ ಮೂಸಿ, ಬಾಲ ಆಡಿಸಿತು. ಅರವತ್ತರ ಹತ್ತಿರದ ಮನುಷ್ಯ ಬೀದಿಯಲ್ಲಿ ಕೂತು, "ಬಾ ರಾಜಾ, ಬಾ," ಎನ್ನುತ್ತಿದ್ದರು. ಮೇಲೆ ಮಾಳಿಗೆಯ ಎತ್ತರದಲ್ಲಿ ಕಸ್ತೂರಿ. ಈ ಸಲದ ತಂತಿ ಗಟ್ಟಿಯಿತ್ತು. ಕೆಳಗೆ ಪಾರವ್ವ, "ಇಳೀತೀಯೋ, ಕೋಲು ತರಲೋ?" ಎಂದು ಕೂಗುತ್ತಿದ್ದಳು.

ಮರುದಿನದಿಂದ ಒಬ್ಬಳಿಗಾಗುವಷ್ಟೇ ಹಿಟ್ಟು ಕಲಸಿದೆ. ಕೈ ತಾನಾಗಿ ಎರಡನೆಯ ಮುಷ್ಟಿಗೆ ಡಬ್ಬಿಯೊಳಗೆ ಹೋಗುತ್ತಿತ್ತು; ಹೋದದ್ದನ್ನು ನೋಡಿ ಹಿಂದಕ್ಕೆ ತೆಗೆಯುತ್ತಿದ್ದೆ. ಬಿಳಿ ಸೀರೆಗಳನ್ನು ಮಡಚಿ ಪೆಟ್ಟಿಗೆಯ ತಳಕ್ಕೆ ಹಾಕಿ, ನಮ್ಮಪ್ಪನ ಅಂಗಡಿಯ ಕಾಲದ ನೀಲಿ ಸೀರೆಯೊಂದನ್ನು ತೆಗೆದು ಉಟ್ಟೆ. ಕೂದಲೆಣ್ಣೆಯವನ ಚಿತ್ರ ನನ್ನ ಮನೆಯ ಗೋಡೆಯ ಮೇಲೆ ಹಾಗೇ ಇತ್ತು, ಒಳ್ಳೆಯ ಕೂದಲು ಪಾಪ. ಅಂಚೆಯನ್ನು ಬೇರೆ ಯಾರೋ ಹಂಚುತ್ತಿದ್ದರು. ಫಕೀರಪ್ಪ ತನ್ನ ಮನೆಯ ಅಂಗಳದಲ್ಲಿ ನಡೆಯುವುದನ್ನು ಕಲಿಯುತ್ತಿದ್ದಾನೆಂದು ಕಾಳವ್ವ ಬಂದು ಹೇಳಿದಳು. ನಾನು ಹೋಗಿ ನೋಡಲಿಲ್ಲ. ಏನೆಂದು ಹೋಗಲಿ? ಹನ್ನೊಂದು ದಿನ ಅವನೂ ಬರಲಿಲ್ಲ.

ಹನ್ನೆರಡನೆಯ ದಿನ ಮಧ್ಯಾಹ್ನ ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದೆ. ಓಣಿಯಲ್ಲಿ ಯಾರೋ ಎಡಗಾಲು ಎಳೆದುಕೊಂಡು ನಿಧಾನವಾಗಿ ನಡೆದು ಬರುತ್ತಿದ್ದರು. ಪರಿಚಯದ ನಡಿಗೆಯಲ್ಲ. ತಲೆಯೆತ್ತಿದರೆ ಫಕೀರಪ್ಪ. ಹೊಸ ಚಪ್ಪಲಿ, ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ನನಗೆ ನೆನಪಿದ್ದುದಕ್ಕಿಂತ ಒಂದು ಗೇಣು ಗಿಡ್ಡ. ಅಂಗಳದ ಅಂಚಿನಲ್ಲಿ ನಿಂತು, ಕಾಲಿನ ಚಪ್ಪಲಿ ಸರಿಮಾಡಿಕೊಂಡ.

"ಸಾವಂತ್ರೀ," ಎಂದ ಕೊನೆಗೆ. "ಹಂಗ ಕರೀಬೌದಲ್ಲ?"

"ಅದ ನನ್ನ ಹೆಸರು," ಎಂದೆ. ಬಾ ಎನ್ನಲು ಹೋಗಿ, ಬರ್ರಿ ಎಂದೆ. ಅವನು ಕಟ್ಟೆಯ ಮೇಲೆ ಕೂತ. ನಾನು ಆ ತುದಿಯಲ್ಲಿ ಕೂತೆ. "ಊಟ ಆಗೇತೇನು? ಮೆಂತೆಪಲ್ಯ ಐತಿ."

"ಒಲ್ಲೆ," ಎಂದ. ಅಂದದ್ದಕ್ಕೆ ತಾನೇ ಬೆಚ್ಚಿದ. ಆಮೇಲೆ ಒಂದೊಂದೇ ಮಾತನ್ನು ಹೆಜ್ಜೆಯ ಹಾಗೆ ಊರಿ ಊರಿ ಹೇಳಿದ: "ಸಾವಂತ್ರೀ, ಮೂವತ್ತು ವರ್ಷ ವಾರಕ್ಕ ಎರಡ ಸಲ ನನಗ ಮೆಂತೆಪಲ್ಯ ಹಾಕೀದಿ. ನನಗ ಮೆಂತೆ ಸೇರೂದಿಲ್ಲ. ಹುಟ್ಟಿದಾಗಿಂದ ಸೇರೂದಿಲ್ಲ."

ನನಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ನಗುತ್ತ ನಗುತ್ತ ನನ್ನ ಕಣ್ಣಲ್ಲಿ ನೀರು ಬಂತು. ಮೂರು ಸಾವಿರ ಸಲ ಉಂಡಿದ್ದನಲ್ಲ ಪಾಪ. ಸೆರಗಿನಿಂದ ಒರೆಸಿಕೊಂಡು ಕೇಳಿದೆ, "ಮತ್ತ ಏನ ಬೇಕು ನಿಮಗ?"

"ಹನ್ನೊಂದು ದಿನ ಅದನ್ನ ವಿಚಾರ ಮಾಡಿದೆ," ಎಂದ. "ಬ್ಯಾಡಾದ್ದು ಭಾಳ ಸಿಕ್ಕಾವು. ಬೇಕಾದ್ದು ಒಂದ ಸಿಕ್ಕೈತಿ. ದಿನಾ ಮಧ್ಯಾಹ್ನ ಈ ಕಡೆ ಬರಬೇಕು ಅನಸ್ತೈತಿ. ಮಗ ಆಗಿ ಅಲ್ಲ. ಆ ಕಂಬಳಿ ಹೊಲಿಸಿಕೊಳ್ಳೂ ಹುಡುಗ ಆಗಿನೂ ಅಲ್ಲ, ಅಂವ ಎಲ್ಲೋ ಹೋಗ್ಯಾನ. ಏನಾಗಿ ಬರಬೇಕು, ನನಗ ಗೊತ್ತಿಲ್ಲ." ಚಪ್ಪಲಿಯ ತುದಿಯಿಂದ ಮಣ್ಣು ಕೆದಕಿದ. "ನಿನಗೇನ ಬೇಕು?"

ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಹಿಟ್ಟು ಉದುರಿಸಿ ಕೂರಿಸಿದ ದಿನವೂ ಕೇಳಿರಲಿಲ್ಲ, ಟಾಕೀಸಿನಲ್ಲಿ ಎಲ್ಲರ ಮುಖ ನನ್ನ ಕಡೆ ತಿರುಗಿದ ದಿನವೂ ಕೇಳಿರಲಿಲ್ಲ. ಆವತ್ತು ಕೇಳಿದ್ದು ಕಥೆಗೆ ಯಾವುದು ಒಳ್ಳೆಯದೆಂದು. ನಿಮಗೆ ಬೇಕಾದ್ದೇ ನನಗೂ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕಷ್ಟಪಟ್ಟು ನುಂಗಿದೆ.

"ನಾಳಿ ಬರ್ರಿ," ಎಂದೆ. "ವಿಚಾರ ಮಾಡಿ ಇಟ್ಟಿರ್ತೀನಿ."

"ಅವಸರಿಲ್ಲ," ಎಂದು ಎದ್ದ. ಎಲ್ಲಿ ಕಾಲಿಡುವುದೆಂದು ನೆಲ ನೋಡಿ ನೋಡಿ, ಎಡಗಾಲು ಎಳೆಯುತ್ತ ಓಣಿ ತಿರುಗಿದ. ನಾನು ಮೆಣಸಿನಕಾಯಿಯ ಮುಂದೆ ಹಾಗೇ ಕೂತೆ. ಮೊದಲು ಏನೂ ಹೊಳೆಯಲಿಲ್ಲ. ಬಹಳ ಹೊತ್ತಿನ ಮೇಲೆ ನನಗೆ ಬೇಕಾದದ್ದೊಂದು ಹೊಳೆಯಿತು. ಅದರ ಹಿಂದೆಯೇ ಇನ್ನೊಂದು. ದೀಪ ಹಚ್ಚುವ ಹೊತ್ತಾದರೂ ಮುಗಿದಿರಲಿಲ್ಲ.